ನೆರೆಯ ಸುದ್ದಿಗಿರುವ ಎಚ್ಚರ ನೆರೆಮನೆಯ ಸುದ್ದಿಗೇಕಿಲ್ಲ?

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಡದಲ್ಲಿ ಬದುಕುವ ಜನರಿಗೆ ಮಳೆಗಾಲವು ಒಂದು ಪಾಠವನ್ನು ಚೆನ್ನಾಗಿ ಕಲಿಸಿದೆ. ನೀರು ಬರುತ್ತಿದೆ ಎಂದು ಯಾರೋ ಕೂಗಿದರೆಂಬ ಮಾತ್ರಕ್ಕೆ ಅವರು ದನಕರುಗಳನ್ನು ಬಿಚ್ಚಿಕೊಂಡು ಊರು ಬಿಡುವುದಿಲ್ಲ. ಕೊಯ್ನಾ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಹೊರಬರುತ್ತಿದೆ, ಕಲ್ಲೋಳದ ಸೇತುವೆ ಮುಳುಗಿದೆಯೇ ಇಲ್ಲವೇ ಎಂಬುದನ್ನು ಒಬ್ಬರಲ್ಲ, ಇಬ್ಬರನ್ನು ಕೇಳುತ್ತಾರೆ. 2019 ಮತ್ತು 2021ರ ಮಹಾಪೂರಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಪಟ್ಟ ಪಾಡು ಈ ಎಚ್ಚರವನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ಸುಳ್ಳು ಸುದ್ದಿಯನ್ನು ನಂಬಿದರೆ ಮನೆ ಹೋಗುತ್ತದೆ, ನಿಜ ಸುದ್ದಿಯನ್ನು ಕಡೆಗಣಿಸಿದರೆ ಜೀವ ಹೋಗುತ್ತದೆ ಎಂಬುದನ್ನು ಇಲ್ಲಿನ ಅನಕ್ಷರಸ್ಥ ರೈತನೂ ಬಲ್ಲ.

ಆದರೆ ಇದೇ ಜನರ ಕೈಯಲ್ಲಿರುವ ಅದೇ ಮೊಬೈಲಿಗೆ ಪಕ್ಕದ ಗಲ್ಲಿಯ ಬಗ್ಗೆ, ಪಕ್ಕದ ಊರಿನ ಬಗ್ಗೆ, ಇನ್ನೊಂದು ಧರ್ಮದವರ ಬಗ್ಗೆ ಒಂದು ವೀಡಿಯೊ ಬಂದಾಗ ಈ ವಿವೇಕ ಎಲ್ಲಿ ಮಾಯವಾಗುತ್ತದೆ? ಅದು ಯಾವ ಊರಿನದು, ಯಾವ ವರ್ಷದ್ದು, ಯಾರು ಚಿತ್ರಿಸಿದ್ದು ಎಂದು ಕೇಳುವವರಿಲ್ಲ. ನೆರೆಯ ನೀರಿನ ವಿಷಯದಲ್ಲಿ ಇಬ್ಬರು ಸಾಕ್ಷಿಗಳನ್ನು ಕೇಳುವವರು ನೆರೆಮನೆಯವನ ಮಾನದ ವಿಷಯದಲ್ಲಿ ಒಬ್ಬ ಸಾಕ್ಷಿಯನ್ನೂ ಕೇಳುವುದಿಲ್ಲ. ನಮ್ಮ ಗಡಿಭಾಗದ ಪಟ್ಟಣಗಳು ಇಂದು ಎದುರಿಸುತ್ತಿರುವ ಅತಿ ದೊಡ್ಡ ಅಪಾಯ ಇದೇ ಎಂದು ನಾವು ಭಾವಿಸುತ್ತೇವೆ.

ಗಡಿ ಎಂಬುದು ಭೂಪಟದ ಮೇಲಿನ ಗೆರೆ. ಅದರ ಬಗ್ಗೆ 1967ರಲ್ಲಿ ಮಹಾಜನ ಆಯೋಗದ ವರದಿ ಬಂತು, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯವಿದೆ, ಚುನಾವಣೆ ಹತ್ತಿರವಾದಾಗಲೆಲ್ಲ ಎರಡೂ ಬದಿಯ ರಾಜಕಾರಣಿಗಳ ಗಂಟಲು ಜೋರಾಗುತ್ತದೆ. ಆದರೆ ಕಾಗವಾಡದ ಗರ್ಭಿಣಿಗೆ ಹೆರಿಗೆ ನೋವು ಬಂದರೆ ಆಕೆಯನ್ನು ಕರೆದೊಯ್ಯುವುದು ಹತ್ತಿರದ ಮಿರಜಿನ ಆಸ್ಪತ್ರೆಗೆ. ನಿಪ್ಪಾಣಿಯ ವ್ಯಾಪಾರಿ ಸರಕು ತರುವುದು ಕೊಲ್ಹಾಪುರ, ಇಚಲಕರಂಜಿಗಳಿಂದ. ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಸಾಂಗಲಿ, ಜಯಸಿಂಗಪುರಗಳ ಸೊಸೆಯಂದಿರು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಸಮೀಪ ಬಾಳೇಕುಂದ್ರಿಯಲ್ಲಿ ಭಾಷೆಯ ಕಾರಣಕ್ಕೆ ಬಸ್ ನಿರ್ವಾಹಕರೊಬ್ಬರ ಮೇಲೆ ಹಲ್ಲೆ ನಡೆದಾಗ ಎರಡು ರಾಜ್ಯಗಳ ನಡುವೆ ಬಸ್ಸುಗಳೇ ನಿಂತುಹೋದವು. ಘೋಷಣೆ ಕೂಗಿದವರಿಗೆ ಅದರಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಔಷಧಿಯ ಚೀಟಿ ಹಿಡಿದು ನಿಲ್ದಾಣದಲ್ಲಿ ಕಾದವರಿಗೆ. ಬಸ್ಸು ನಿಂತರೂ ನಿಲ್ಲದೆ ಗಡಿ ದಾಟುವುದು ಒಂದೇ: ವದಂತಿ. ಕೊಲ್ಹಾಪುರದಲ್ಲಿ ಕಿಡಿ ಹಾರಿದರೆ ಅದರ ಹೊಗೆ ಅರ್ಧ ಗಳಿಗೆಯಲ್ಲಿ ನಿಪ್ಪಾಣಿಯ ಮೊಬೈಲುಗಳನ್ನು ತುಂಬುತ್ತದೆ.

ಈ ಮಾತಿಗೆ ಸಾಕ್ಷ್ಯ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಮಿರಜ್ ನಗರದಲ್ಲಿ ಗಣೇಶೋತ್ಸವದ ಸ್ವಾಗತ ಕಮಾನಿನ ಮೇಲಿದ್ದ ಅಫ್ಝಲ್ ಖಾನನ ವಧೆಯ ಚಿತ್ರದ ಕಾರಣಕ್ಕೆ ಗಲಭೆ ಹೊತ್ತಿಕೊಂಡಿತು. ಕರ್ಫ್ಯೂ ವಿಧಿಸಬೇಕಾಯಿತು. ಅದರ ಬಿಸಿ ಸಾಂಗಲಿ, ಇಚಲಕರಂಜಿ, ಕೊಲ್ಹಾಪುರಗಳಿಗೂ ತಟ್ಟಿತು. ಆಗ ಜನರ ಕೈಯಲ್ಲಿ ಇಂದಿನಂತಹ ಮೊಬೈಲ್ ಇರಲಿಲ್ಲ. ಜಗಳಕ್ಕೆ ಒಂದು ಕಮಾನು ಬೇಕಿತ್ತು, ಅದನ್ನು ಕಟ್ಟಲು ಬಿದಿರು, ಬಟ್ಟೆ, ನಾಲ್ಕಾರು ಜನ, ಒಂದು ರಸ್ತೆ ಬೇಕಿತ್ತು. ಹದಿನಾಲ್ಕು ವರ್ಷಗಳ ನಂತರ, 2023ರ ಜೂನ್‌ನಲ್ಲಿ, ಕೊಲ್ಹಾಪುರಕ್ಕೆ ಕೆಲವು ವಾಟ್ಸ್‌ಆ್ಯಪ್ ಸ್ಟೇಟಸ್‌ಗಳು ಸಾಕಾದವು. ಟಿಪ್ಪು ಸುಲ್ತಾನರ ಚಿತ್ರವನ್ನು ಆಕ್ಷೇಪಾರ್ಹ ಧ್ವನಿಯೊಂದಿಗೆ ಹಾಕಲಾಗಿದೆ ಎಂಬ ದೂರು ಬಂತು. ಜೂನ್ 7ರಂದು ಬಂದ್‌ಗೆ ಕರೆ ನೀಡಲಾಯಿತು, ಗುಂಪು ಸೇರಿತು, ಅಂಗಡಿ ಮನೆಗಳ ಮೇಲೆ ಕಲ್ಲು ಬಿದ್ದವು, ಪೊಲೀಸರು ಲಾಠಿ ಬೀಸಿದರು, ಅಂತರ್ಜಾಲವನ್ನು ಕಡಿತಗೊಳಿಸಲಾಯಿತು. ಸ್ಟೇಟಸ್ ಹಾಕಿದ ಆರೋಪಕ್ಕೆ ಗುರಿಯಾದವರಲ್ಲಿ ಇನ್ನೂ ಮೀಸೆ ಮೂಡದ ಹುಡುಗರೂ ಇದ್ದರು.

ಇಲ್ಲಿ ಎರಡು ಅನ್ಯಾಯಗಳಿವೆ, ಎರಡನ್ನೂ ನಾವು ಸ್ಪಷ್ಟವಾಗಿ ಹೇಳಬೇಕು. ಹುಡುಗನೊಬ್ಬ ತಪ್ಪು ಮಾಡಿದ್ದರೆ ಅದನ್ನು ವಿಚಾರಿಸಲು ಕಾನೂನಿದೆ, ನ್ಯಾಯಾಲಯವಿದೆ. ಅವನ ತಪ್ಪಿಗಾಗಿ ಅವನನ್ನು ಕಂಡೇ ಇರದ ಹಣ್ಣಿನ ವ್ಯಾಪಾರಿಯ ಗಾಡಿಯನ್ನು ಉರುಳಿಸುವುದು ಧರ್ಮರಕ್ಷಣೆಯಲ್ಲ, ದರೋಡೆ. 2024ರ ಜುಲೈ 14ರಂದು ವಿಶಾಲಗಡದ ಅತಿಕ್ರಮಣದ ವಿರುದ್ಧದ ಪ್ರತಿಭಟನೆಯ ಹೆಸರಿನಲ್ಲಿ ಕೋಟೆಯಿಂದ ದೂರವಿದ್ದ ಗಜಾಪುರದ ಮಸೀದಿ ಮತ್ತು ಮನೆಗಳ ಮೇಲೆ ನಡೆದ ದಾಳಿಯೂ ಇದೇ ಜಾತಿಗೆ ಸೇರಿದ್ದು. ಒಬ್ಬನ ತಪ್ಪಿಗೆ ಸಮುದಾಯವನ್ನು ದಂಡಿಸುವ ಈ ಪದ್ಧತಿಯನ್ನು ಯಾವ ಧರ್ಮವೂ ಸಂವಿಧಾನವೂ ಒಪ್ಪುವುದಿಲ್ಲ. ಇದು ಮೊದಲನೆಯ ಅನ್ಯಾಯ.

ಎರಡನೆಯದು ನಮ್ಮ ಮನೆಯೊಳಗಿನದು. ಇದನ್ನು ಹೇಳುವಾಗ ಕೆಲವರಿಗೆ ಬೇಸರವಾಗಬಹುದು. ಸಮುದಾಯದ ಮೇಲೆ ಹೊರಗಿನಿಂದ ಇಷ್ಟೆಲ್ಲ ಒತ್ತಡವಿರುವಾಗ ಒಳಗಿನ ದೋಷಗಳನ್ನು ಎತ್ತಿ ತೋರಿಸುವುದೇಕೆ ಎಂದು ಅವರು ಕೇಳಬಹುದು. ಒತ್ತಡವಿರುವುದರಿಂದಲೇ ಹೇಳಬೇಕಾಗಿದೆ ಎಂಬುದು ನಮ್ಮ ಉತ್ತರ. ಒಣಗಿದ ಕಬ್ಬಿನ ಗದ್ದೆಯ ಮಧ್ಯೆ ಮನೆ ಇರುವವನು ಬೀಡಿಯ ತುಂಡನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ. ಸೇದುವುದು ನನ್ನ ಹಕ್ಕು ಎಂಬ ವಾದ ಬೆಂಕಿಗೆ ಅರ್ಥವಾಗುವುದಿಲ್ಲ.

ಟಿಪ್ಪು ಸುಲ್ತಾನ್ ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ರಣರಂಗದಲ್ಲಿಯೇ ಪ್ರಾಣ ಬಿಟ್ಟ ಅರಸರು. ಅವರ ಬಗ್ಗೆ ಗೌರವವಿರುವವರು ಅವರ ಆಡಳಿತವನ್ನು, ರೇಷ್ಮೆಯ ಬೆಳೆಗೆ ಅವರು ನೀಡಿದ ಪ್ರೋತ್ಸಾಹವನ್ನು, ಶೃಂಗೇರಿ ಮಠದೊಂದಿಗೆ ಅವರಿಗಿದ್ದ ಪತ್ರವ್ಯವಹಾರವನ್ನು ಓದಲಿ, ಮಕ್ಕಳಿಗೆ ಓದಿಸಲಿ. ಆದರೆ ಇನ್ನೊಬ್ಬರನ್ನು ಕೆಣಕುವ ಹಿನ್ನೆಲೆ ಸಂಗೀತದೊಂದಿಗೆ ಅವರ ಚಿತ್ರವನ್ನು ಇಪ್ಪತ್ತನಾಲ್ಕು ಗಂಟೆಗಳ ಸ್ಟೇಟಸ್‌ಗೆ ಹಾಕುವುದು ಟಿಪ್ಪುವಿಗೆ ಸಲ್ಲಿಸುವ ಗೌರವವೇ? ಇತಿಹಾಸವನ್ನು ಓದದವನ ಕೈಯಲ್ಲಿ ಇತಿಹಾಸ ಪುರುಷರು ಬರೀ ಬೈಗುಳವಾಗಿಬಿಡುತ್ತಾರೆ. ಅತ್ತ ಕಡೆಯಲ್ಲೂ ಇದೇ ನಡೆದಿದೆ. ಛತ್ರಪತಿ ಶಿವಾಜಿಯವರ ಹೆಸರನ್ನು ಕೂಗುತ್ತಾ ಮಸೀದಿಯ ಮುಂದೆ ಧ್ವನಿವರ್ಧಕ ಏರಿಸುವವರು ಶಿವಾಜಿಯವರ ಸೈನ್ಯದಲ್ಲಿ ಮುಸ್ಲಿಮರೂ ಇದ್ದರೆಂಬುದನ್ನು ಓದಿಲ್ಲ.

ಈ ನೆಲದ ನಿಜವಾದ ಇತಿಹಾಸ ಸ್ಟೇಟಸ್‌ಗಳಲ್ಲಿ ಬರುವಂಥದ್ದಲ್ಲ. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅರಸ ರಾಜರ್ಷಿ ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 50ರಷ್ಟು ಮೀಸಲಾತಿಯನ್ನು ಜಾರಿಗೆ ತಂದರು. ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಕೊಲ್ಹಾಪುರದಲ್ಲಿ ವಸತಿನಿಲಯ ಆರಂಭವಾದದ್ದು ಅವರ ಆಶ್ರಯದಲ್ಲೇ. ಡಾ. ಬಿ.ಆರ್. ಅಂಬೇಡ್ಕರ್ ಅವರು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಬಂದು ದಲಿತರ ಪರಿಷತ್ತಿನಲ್ಲಿ ಭಾಗವಹಿಸಿದರು. ಅದೇ ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ರೈತರು ಬಲಿಯಾದರು. ಅದೇ ಕಾಲದಲ್ಲಿ ತಂಬಾಕಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿದರು. ಯುಗಾಂತರ ತಂಡವು 1982ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿತು. ತಂಬಾಕಿನ ಧೂಳು ಶ್ವಾಸಕೋಶವನ್ನು ಹೊಕ್ಕುವಾಗ ಇವಳು ಮರಾಠಿಯವಳೋ ಕನ್ನಡದವಳೋ, ಹಿಂದುವೋ ಮುಸ್ಲಿಮಳೋ ಎಂದು ಕೇಳುವುದಿಲ್ಲ. ಮಾಲಕನ ತಕ್ಕಡಿಯೂ ಕೇಳುವುದಿಲ್ಲ. ಆದ್ದರಿಂದ ಅವರು ಒಟ್ಟಿಗೆ ನಿಂತರು.

ಇಂದಿಗೂ ಈ ಐದು ತಾಲ್ಲೂಕುಗಳ ಜೀವನ ಹಾಗೆಯೇ ಹೆಣೆದುಕೊಂಡಿದೆ. ಕಬ್ಬು ಬೆಳೆಯುವವನು ಲಿಂಗಾಯತನೋ ಜೈನನೋ ಮರಾಠನೋ ಆಗಿದ್ದರೆ ಅವನ ಟ್ರ್ಯಾಕ್ಟರ್ ರಿಪೇರಿ ಮಾಡುವವನು ನಮ್ಮ ಮೊಹಲ್ಲಾದ ಹುಡುಗ. ಅಥಣಿಯ ದಲಿತ ಕುಶಲಕರ್ಮಿ ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಜಗತ್ತಿಗೇ ಹೋಗುತ್ತದೆ. ಅದಕ್ಕೆ ದೊರೆತ ಭೌಗೋಳಿಕ ಸೂಚಿಕೆಯ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ. ಬಾಗವಾನನ ಹಣ್ಣು, ತಾಂಬೋಳಿಯ ಎಲೆ, ಅತ್ತಾರನ ಅಂಗಡಿ, ಮಣಿಯಾರನ ಬಳೆ ಇವೆಲ್ಲ ನಿಂತಿರುವುದು ಬೇರೆ ಧರ್ಮದ ಗಿರಾಕಿಯ ವಿಶ್ವಾಸದ ಮೇಲೆ. ಜಾತ್ರೆಗೆ ಬಳೆ ಹೊತ್ತು ಹೋಗುವ ನಮ್ಮ ತಾಯಂದಿರ ಕೈಯನ್ನು ಯಾವ ಹೆಣ್ಣುಮಗಳೂ ಧರ್ಮ ಕೇಳಿ ಹಿಡಿದಿರಲಿಲ್ಲ. ಒಂದು ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಅದು ಅಳಿಸಿದ ವಿಶ್ವಾಸ ಇಪ್ಪತ್ತನಾಲ್ಕು ವರ್ಷಗಳಲ್ಲಿಯೂ ಮರಳಿ ಬಾರದು.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮಗೆ ಯಾವ ನೆಪವನ್ನೂ ಉಳಿಸಿಲ್ಲ. ದುರ್ಮಾರ್ಗಿಯೊಬ್ಬ ಸುದ್ದಿ ತಂದರೆ ಮೊದಲು ವಿಚಾರಿಸಿರಿ, ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗದಿರಲಿ ಎಂಬ ಆಶಯದ ಆದೇಶ ಅಲ್‌ಹುಜುರಾತ್ ಅಧ್ಯಾಯದ ಆರನೆಯ ಸೂಕ್ತದಲ್ಲಿದೆ. ಅದೇ ಅಧ್ಯಾಯ ಪರಿಹಾಸ್ಯವನ್ನು, ಅಡ್ಡಹೆಸರಿನಿಂದ ಕರೆಯುವುದನ್ನು, ಗುಮಾನಿಯನ್ನು, ಪರದೂಷಣೆಯನ್ನು ಒಂದೊಂದಾಗಿ ನಿಷೇಧಿಸುತ್ತದೆ. ಅನ್ಯರು ಆರಾಧಿಸುವವುಗಳನ್ನು ನಿಂದಿಸಬಾರದೆಂಬ ಆಜ್ಞೆ ಅಲ್‌ಅನ್‌ಆಮ್ ಅಧ್ಯಾಯದಲ್ಲಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನೆನಿಸಲು ಸಾಕೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಬಂದದ್ದನ್ನೆಲ್ಲ ಮುಂದಕ್ಕೆ ಕಳುಹಿಸುವ ಬೆರಳಿಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲವೇ? ಐದು ಹೊತ್ತು ನಮಾಝ್‌ಗೆ ವುಝೂ ಮಾಡುವ ಕೈಯೇ ಎರಡು ನಮಾಝ್‌ಗಳ ನಡುವೆ ಇನ್ನೊಬ್ಬರ ಮಾನಹಾನಿಯ ವೀಡಿಯೊವನ್ನು ಹತ್ತು ಗುಂಪುಗಳಿಗೆ ರವಾನಿಸುವುದಾದರೆ ಆ ವುಝೂ ಏನನ್ನು ತೊಳೆಯಿತು?

ಸರಕಾರ ಮತ್ತು ರಾಜಕೀಯ ಪಕ್ಷಗಳನ್ನು ಈ ಮಾತುಗಳಿಂದ ನಾವು ದೋಷಮುಕ್ತಗೊಳಿಸುತ್ತಿಲ್ಲ. ದ್ವೇಷವು ಇಂದು ರಾಜಕಾರಣದ ಅತ್ಯಂತ ಅಗ್ಗದ ಬಂಡವಾಳ. ವಿಧಾನಸಭಾ ಚುನಾವಣೆಗೆ ಕೆಲವೇ ವಾರಗಳಿದ್ದಾಗ, 2023ರ ಮಾರ್ಚ್‌ನಲ್ಲಿ, ಅಂದಿನ ರಾಜ್ಯ ಸರಕಾರವು ಮುಸ್ಲಿಮರಿಗಿದ್ದ 2ಬಿ ವರ್ಗದ ಶೇಕಡಾ 4 ಮೀಸಲಾತಿಯನ್ನು ರದ್ದುಪಡಿಸಿ ಇತರ ಎರಡು ಸಮುದಾಯಗಳಿಗೆ ಹಂಚುವ ತೀರ್ಮಾನ ಕೈಗೊಂಡಿತು. ಒಬ್ಬನ ತಟ್ಟೆಯಿಂದ ಕಿತ್ತು ಇನ್ನೊಬ್ಬನಿಗೆ ಬಡಿಸಿ ಇಬ್ಬರನ್ನೂ ವೈರಿಗಳಾಗಿಸುವ ಜಾಣತನವದು. ಸುಪ್ರೀಂ ಕೋರ್ಟಿನ ಮುಂದೆ ಅದರ ಜಾರಿಯನ್ನು ತಡೆಹಿಡಿಯುವುದಾಗಿ ಸರಕಾರವೇ ಭರವಸೆ ನೀಡಬೇಕಾಗಿ ಬಂತು. ನಮ್ಮದೇ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯಲ್ಲಿ 2025ರ ಜುಲೈನಲ್ಲಿ ಸರಕಾರಿ ಶಾಲೆಯ ಮಕ್ಕಳು ಕುಡಿಯುವ ನೀರಿಗೆ ವಿಷ ಬೆರೆಸಲಾಯಿತು. ಮುಸ್ಲಿಮರಾದ ಮುಖ್ಯೋಪಾಧ್ಯಾಯರ ಹೆಸರು ಕೆಡಿಸಿ ಅವರನ್ನು ವರ್ಗ ಮಾಡಿಸುವುದು ಉದ್ದೇಶವಾಗಿತ್ತೆಂದು ಮೂವರನ್ನು ಬಂಧಿಸಿದ ಪೊಲೀಸರು ತಿಳಿಸಿದರು. ಮಕ್ಕಳು ಬದುಕುಳಿದದ್ದು ಅಲ್ಲಾಹನ ಕೃಪೆ. ದ್ವೇಷವು ಕೊನೆಗೆ ತನ್ನದೇ ಊರಿನ, ತನ್ನದೇ ಧರ್ಮದ ಎಳೆಯ ಮಕ್ಕಳ ಲೋಟದವರೆಗೂ ತಲುಪುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೇ?

2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ವಿಧೇಯಕವು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಅದರ ಉದ್ದೇಶ ಒಳ್ಳೆಯದು. ಆದರೆ ಕಾನೂನಿನ ತೂಕ ಗೊತ್ತಾಗುವುದು ವಿಧಾನಸೌಧದಲ್ಲಲ್ಲ, ಠಾಣೆಯ ಮೇಜಿನ ಮೇಲೆ. ಹದಿನಾರು ವರ್ಷದ ಹುಡುಗನ ಸ್ಟೇಟಸ್‌ಗೆ ಒಂದು ಗಂಟೆಯೊಳಗೆ ಪ್ರಕರಣ ದಾಖಲಾಗಿ, ಸಾವಿರಾರು ಜನರ ಮುಂದೆ ಮೈಕು ಹಿಡಿದು ಬಹಿಷ್ಕಾರಕ್ಕೆ ಕರೆ ಕೊಟ್ಟವನಿಗೆ ಹಾರ ಬೀಳುವುದಾದರೆ ಎಂತಹ ಕಾನೂನು ಬಂದರೂ ಪ್ರಯೋಜನವಿಲ್ಲ. ಈ ವಿಷಯದಲ್ಲಿ ಯಾವ ಪಕ್ಷದ ಸರಕಾರಕ್ಕೂ ನಾವು ರಿಯಾಯಿತಿ ನೀಡಲಾರೆವು. ಚಿಕ್ಕೋಡಿ ಲೋಕಸಭಾ ಕ್ಷೇತ್ರವು 2014ರಲ್ಲಿ ಕಾಂಗ್ರೆಸನ್ನು, 2019ರಲ್ಲಿ ಬಿಜೆಪಿಯನ್ನು, 2024ರಲ್ಲಿ ಮತ್ತೆ ಕಾಂಗ್ರೆಸನ್ನು ಗೆಲ್ಲಿಸಿದೆ. ಅಂದರೆ ಇಲ್ಲಿಯ ಮತದಾರ ಯಾರ ಜೇಬಿನಲ್ಲಿಯೂ ಇಲ್ಲ. ಆದರೆ ನಮ್ಮ ಮೊಹಲ್ಲಾಗಳು ಅಭ್ಯರ್ಥಿಗಳ ಮುಂದೆ ಇಟ್ಟ ಬೇಡಿಕೆಗಳೇನು? ಉರ್ದು ಶಾಲೆಯ ಖಾಲಿ ಹುದ್ದೆಗಳ ಬಗ್ಗೆ, ಹೆಣ್ಣುಮಕ್ಕಳ ವಸತಿನಿಲಯದ ಬಗ್ಗೆ, ಬೀಡಿ ಕಾರ್ಮಿಕರ ಆರೋಗ್ಯ ತಪಾಸಣೆಯ ಬಗ್ಗೆ ಲಿಖಿತ ಬೇಡಿಕೆ ಸಲ್ಲಿಸಿದ ಜಮಾಅತ್‌ಗಳೆಷ್ಟು? ಸೋಲಿಸಬೇಕಾದವರ ಪಟ್ಟಿ ಮಾತ್ರ ಇದ್ದು, ಪಡೆಯಬೇಕಾದುದರ ಪಟ್ಟಿ ಇಲ್ಲದ ಸಮುದಾಯವನ್ನು ಗೆದ್ದವರೂ ಮರೆಯುತ್ತಾರೆ, ಸೋತವರೂ ಮರೆಯುತ್ತಾರೆ.

ಮೊಬೈಲ್ ನಮ್ಮ ಶತ್ರುವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕೆಲವು ಹಿರಿಯರು ಎಲ್ಲ ಅನಿಷ್ಟಗಳಿಗೂ ಆ ಯಂತ್ರವನ್ನೇ ಹೊಣೆ ಮಾಡಿ, ಅದನ್ನು ಹೆಣ್ಣುಮಕ್ಕಳ ಕೈಯಿಂದ ಮಾತ್ರ ಕಿತ್ತುಕೊಂಡು, ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ಇದು ಪರಿಹಾರವಲ್ಲ. ರಾತ್ರಿ ಎರಡು ಗಂಟೆಯವರೆಗೆ ಕಟ್ಟೆಯ ಮೇಲೆ ಕುಳಿತು ಬೆರಳಾಡಿಸುವವರು ಗಂಡುಮಕ್ಕಳು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮೊಬೈಲ್ ಬೇಕಾದವಳು ಪಿಯುಸಿಯಲ್ಲಿ ಶೇಕಡಾ ಎಂಬತ್ತು ಅಂಕ ಪಡೆದ ಅವರ ತಂಗಿ. ಕಿತ್ತುಕೊಳ್ಳಬೇಕಾದದ್ದು ಯಾರಿಂದ, ಕೊಡಬೇಕಾದದ್ದು ಯಾರಿಗೆ ಎಂಬುದನ್ನು ತಂದೆತಾಯಂದಿರು ತಣ್ಣಗೆ ಕುಳಿತು ಯೋಚಿಸಲಿ.

ಏಕೆಂದರೆ ಇದು ದಾಖಲೆಗಳ ಕಾಲ. ದಾಖಲೆಗಳೆಲ್ಲ ಈಗ ಇದೇ ಯಂತ್ರದೊಳಗೆ ಹೊಕ್ಕಿವೆ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಅದನ್ನು ಸಮುದಾಯ ವಿರೋಧಿಸಿತು, ಬೀದಿಗಿಳಿಯಿತು, ನ್ಯಾಯಾಲಯಕ್ಕೆ ಹೋಯಿತು. ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಕೆಲವು ಅಂಶಗಳಿಗೆ ತಡೆ ನೀಡಿತಾದರೂ ಆಸ್ತಿಗಳ ನೋಂದಣಿಯ ನಿಯಮಕ್ಕೆ ತಡೆ ನೀಡಲಿಲ್ಲ. ಜೂನ್ 6ರಂದು ಆರಂಭವಾದ ಉಮೀದ್ ಪೋರ್ಟಲ್‌ನಲ್ಲಿ ಆರು ತಿಂಗಳೊಳಗೆ ಎಲ್ಲ ವಕ್ಫ್ ಆಸ್ತಿಗಳ ವಿವರ ತುಂಬಬೇಕಿತ್ತು. ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಸಾರಾಸಗಟಾಗಿ ಗಡುವು ವಿಸ್ತರಿಸಲು ನಿರಾಕರಿಸಿ, ಬೇಕಾದವರು ನ್ಯಾಯಮಂಡಳಿಗೆ ಹೋಗಲಿ ಎಂದಿತು. ಕಾಯ್ದೆಯ ಬಗ್ಗೆ ನಮ್ಮ ಆಕ್ಷೇಪ ಹಾಗೆಯೇ ಇದೆ. ಆದರೆ ಹಿರಿಯರು ಅಲ್ಲಾಹನ ಹೆಸರಿನಲ್ಲಿ ಬಿಟ್ಟುಹೋದ ಜಮೀನಿನ ಸರ್ವೆ ನಂಬರು, ಪಹಣಿ, ಗೆಜೆಟ್ ಪ್ರತಿಗಳು ಎಲ್ಲಿವೆ ಎಂದು ಕೇಳಿದಾಗ ಮುತವಲ್ಲಿಯೊಬ್ಬರು ಹಳೆಯ ತಗಡಿನ ಪೆಟ್ಟಿಗೆಯ ಬೀಗದ ಕೈ ಹುಡುಕುವಂತಾಗುವುದು ಕಾಯ್ದೆಯ ದೋಷವಲ್ಲ. ಮೊಹಲ್ಲಾದ ನೂರು ಯುವಕರಲ್ಲಿ ತೊಂಬತ್ತು ಮಂದಿಗೆ ರೀಲ್ಸ್ ಮಾಡಲು ಬಂದು, ಐದು ಮಂದಿಗೂ ಪಹಣಿ ಓದಲು ಬಾರದೆ ಹೋದರೆ ಆ ಮೊಹಲ್ಲಾದ ಮಸೀದಿಯ ಜಮೀನನ್ನು ಘೋಷಣೆಗಳು ಕಾಯಲಾರವು.

ಇದೇ ಮಾತು ಎಣಿಕೆಗಳಿಗೂ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಸಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ರಾಷ್ಟ್ರೀಯ ಜನಗಣತಿಯನ್ನು ಡಿಜಿಟಲ್ ರೂಪದಲ್ಲಿ, ಜಾತಿಯ ವಿವರಗಳೊಂದಿಗೆ ನಡೆಸಲು ಕೇಂದ್ರ ಸರಕಾರ ನಿರ್ಧರಿಸಿದೆ. ಪಿಂಜಾರ, ನದಾಫ ಸಮುದಾಯದವರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಬಹುತೇಕ ಮುಸ್ಲಿಮರು 2ಬಿಯಲ್ಲಿದ್ದಾರೆ ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು. ಅಡ್ಡಹೆಸರು ಒಂದೆಡೆ ಮುಲ್ಲಾ, ಇನ್ನೊಂದೆಡೆ ಶೇಖ್. ಮಗನ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಒಂದಕ್ಷರ ತಪ್ಪಾದರೆ ಮುದ್ರಣಾಲಯದವನೊಂದಿಗೆ ಜಗಳಕ್ಕಿಳಿಯುವವರು ಮಗನ ಹೆಸರು ನಾಲ್ಕು ದಾಖಲೆಗಳಲ್ಲಿ ನಾಲ್ಕು ಬಗೆಯಲ್ಲಿರುವುದನ್ನು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ.

ಮದುವೆಯ ಮಾತು ಬಂದುದರಿಂದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇವೆ. ಸ್ಟೇಟಸ್ ಎಂಬುದು ಈಗ ಬರೀ ಮೊಬೈಲಿನಲ್ಲಿಲ್ಲ, ಮನೆಯ ಅಂಗಳಕ್ಕೂ ಇಳಿದಿದೆ. ನಿಕಾಹ್‌ಗೆ ಡ್ರೋನ್ ಹಾರುತ್ತದೆ, ಮೆರವಣಿಗೆಗೆ ಡಾಲ್ಬಿ ಬರುತ್ತದೆ, ವಧುವಿನ ಕಡೆಯಿಂದ ಪಡೆದ ಮೋಟಾರ್ ಸೈಕಲ್ಲಿನ ಮೇಲೆ ಕುಳಿತು ವರ ವೀಡಿಯೊ ಮಾಡಿಸುತ್ತಾನೆ. ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ? ಬೀಡಿ ಕಟ್ಟಿ ಬೆರಳ ತುದಿ ಸವೆದ ತಾಯಿಯೊಬ್ಬಳು ಮಹಿಳಾ ಗುಂಪಿನಲ್ಲಿ ಎತ್ತಿದ ಸಾಲದಿಂದ. ವಸೂಲಿಗಾರರ ಕಿರುಕುಳ ತಡೆಯಲೆಂದು ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇದರ ಮೇಲೆ ಆನ್‌ಲೈನ್ ಜೂಜು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ನಮಗಾದರೋ ಜೂಜನ್ನು ನಿಷೇಧಿಸಲು ಸಂಸತ್ತಿನ ಕಾಯ್ದೆಗಾಗಿ ಕಾಯಬೇಕಾಗಿರಲಿಲ್ಲ, ಹದಿನಾಲ್ಕು ಶತಮಾನಗಳ ಹಿಂದೆಯೇ ಆದೇಶ ಬಂದಿದೆ. ತೋರಿಕೆಯ ಈ ಸಂಸ್ಕೃತಿಗೂ ಕೆಣಕುವ ಸ್ಟೇಟಸ್‌ಗೂ ಮೂಲ ಒಂದೇ: ಮಾಡಲು ಕೆಲಸವಿಲ್ಲದವನು ತೋರಿಸಲು ಏನನ್ನಾದರೂ ಹುಡುಕುತ್ತಾನೆ. ಆದ್ದರಿಂದ ಯುವಕರನ್ನು ಬೈದರೆ ಸಾಲದು, ಅವರಿಗೆ ಕೆಲಸ ಕೊಡಬೇಕು.

ಆ ಕೆಲಸ ಯಾವುದು? ನಾವು ಕೆಲವು ಸಲಹೆಗಳನ್ನು ಮುಂದಿಡುತ್ತೇವೆ. ಪ್ರತಿ ಮಸೀದಿಯಲ್ಲಿ ವಾರಕ್ಕೊಮ್ಮೆ ಇಶಾ ನಮಾಝ್‌ನ ಬಳಿಕ ಒಂದು ಗಂಟೆ ದಾಖಲೆಗಳ ಮೇಜು ನಡೆಯಲಿ. ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು, ಒಬ್ಬ ವಕೀಲರು ಅಥವಾ ನಿವೃತ್ತ ನೌಕರರು ಅಲ್ಲಿ ಕುಳಿತು ಪಹಣಿ, ಮತದಾರರ ಪಟ್ಟಿ, ವಿದ್ಯಾರ್ಥಿವೇತನ, ಕಾರ್ಮಿಕ ಕಾರ್ಡುಗಳ ಕೆಲಸ ಮಾಡಿಕೊಡಲಿ. ಮಹಿಳೆಯರಿಗಾಗಿ ಶಿಕ್ಷಕಿಯೊಬ್ಬರ ನೇತೃತ್ವದಲ್ಲಿ ಹಗಲು ಹೊತ್ತಿನಲ್ಲಿ ಪ್ರತ್ಯೇಕ ವ್ಯವಸ್ಥೆಯಾಗಲಿ. ಎರಡನೆಯದಾಗಿ, ಖತೀಬರು ತಿಂಗಳಿಗೊಂದು ಜುಮಾ ಪ್ರವಚನವನ್ನು ನಾಲಗೆ ಮತ್ತು ಬೆರಳಿನ ಹೊಣೆಗಾರಿಕೆಗೆ ಮೀಸಲಿಡಲಿ. ಮೂರನೆಯದಾಗಿ, ಉದ್ರೇಕಕಾರಿ ಸುದ್ದಿಯೊಂದು ಬಂದಾಗ ಅದನ್ನು ಒಂದು ರಾತ್ರಿ ತಡೆದಿಡುವ ನಿಯಮವನ್ನು ಪ್ರತಿ ಮನೆಯೂ ಪಾಲಿಸಲಿ. ನಿಜವಾದ ಸುದ್ದಿ ಬೆಳಗಿನವರೆಗೆ ಹಳಸುವುದಿಲ್ಲ. ನಾಲ್ಕನೆಯದಾಗಿ, ಪ್ರತಿ ಜಮಾಅತ್‌ನ ಹಿರಿಯರ ಬಳಿ ಊರಿನ ಮಠದ ಸ್ವಾಮಿಗಳ, ಗಣೇಶೋತ್ಸವ ಮಂಡಳದ ಪ್ರಮುಖರ, ದಲಿತ ಮುಖಂಡರ ದೂರವಾಣಿ ಸಂಖ್ಯೆಗಳಿರಲಿ. ಸಂಖ್ಯೆಯಷ್ಟೇ ಅಲ್ಲ, ಅದಕ್ಕೆ ಕರೆ ಮಾಡುವ ಸಲಿಗೆಯೂ ಇರಲಿ. ಸುಖದಲ್ಲಿ ಮಾತಾಡದವನಿಗೆ ಸಂಕಟದಲ್ಲಿ ಕರೆ ಮಾಡಲು ನಾಲಗೆ ಏಳುವುದಿಲ್ಲ.

ಇದು ಅಸಾಧ್ಯವೆಂದು ಯಾರೂ ಹೇಳದಿರಲಿ. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮತ್ತು ಮೀಲಾದ್ ಒಂದೇ ದಿನ ಬಂದಾಗ ಬೆಳಗಾವಿಯ ಮುಸ್ಲಿಂ ಹಿರಿಯರು ತಮ್ಮ ಮೆರವಣಿಗೆಯನ್ನು ತಾವಾಗಿಯೇ ಮುಂದೂಡಿದರು. ಮೆರವಣಿಗೆಯ ಬಗ್ಗೆ, ಮೊಹರಮ್ಮಿನ ಆಚರಣೆಗಳ ಬಗ್ಗೆ ಧಾರ್ಮಿಕವಾಗಿ ನಮ್ಮ ಅಭಿಪ್ರಾಯ ಬೇರೆ ಇರಬಹುದು. ಆದರೆ ಆ ತೀರ್ಮಾನದ ಹಿಂದಿನ ವಿವೇಕವನ್ನು ಮೆಚ್ಚಲೇಬೇಕು. ಅದರಿಂದ ಅವರ ಪ್ರವಾದಿ ಪ್ರೇಮ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಹುದೈಬಿಯಾದಲ್ಲಿ ಉಮ್ರಾ ಮಾಡದೆ ಹಿಂದಿರುಗಿದ ಪ್ರವಾದಿವರ್ಯರ(ಸ) ಅನುಯಾಯಿಗಳಿಗೆ, ಒಂದು ಹೆಜ್ಜೆ ಹಿಂದೆ ಇಡುವುದು ಸೋಲಲ್ಲವೆಂಬುದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಹಾಗೆಂದು ತಲೆ ತಗ್ಗಿಸಿ ಬದುಕಿರಿ ಎಂದು ನಾವು ಹೇಳುತ್ತಿಲ್ಲ. ನಿರಪರಾಧಿ ಹುಡುಗನ ಮೇಲೆ ಸುಳ್ಳು ಪ್ರಕರಣ ಬಿದ್ದರೆ ಅವನ ಪರವಾಗಿ ಇಡೀ ಸಮುದಾಯ ಕಾನೂನಿನ ಮೂಲಕ ನಿಲ್ಲಬೇಕು, ವಕೀಲರ ಶುಲ್ಕ ಭರಿಸಬೇಕು, ಅವನ ಪರೀಕ್ಷೆ ತಪ್ಪದಂತೆ ನೋಡಿಕೊಳ್ಳಬೇಕು. ಅಂಗಡಿ ಕಳೆದುಕೊಂಡವನಿಗೆ ಪರಿಹಾರ ಸಿಗುವವರೆಗೆ ಅಧಿಕಾರಿಗಳ ಬಾಗಿಲು ತಟ್ಟಬೇಕು. ಆದರೆ ತಪ್ಪು ಮಾಡಿದವನು ನಮ್ಮವನು ಎಂಬ ಒಂದೇ ಕಾರಣಕ್ಕೆ ಅವನ ತಪ್ಪನ್ನು ಸಮರ್ಥಿಸಬಾರದು. ನ್ಯಾಯದ ಸಾಕ್ಷಿಗಳಾಗಿ ನಿಲ್ಲಿರಿ, ಅದು ನಿಮಗೆ ಮತ್ತು ನಿಮ್ಮ ಹತ್ತಿರದವರಿಗೆ ವಿರುದ್ಧವಾಗಿದ್ದರೂ ಸರಿ ಎಂಬುದು ನಮಗೆ ದೊರೆತಿರುವ ಬೋಧನೆ. ಹಕ್ಕು ಕೇಳುವವನ ದನಿಗೆ ಬಲ ಬರುವುದು ಅವನ ಕೈ ಶುದ್ಧವಾಗಿದ್ದಾಗ.

ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಚಿಕ್ಕೋಡಿಯನ್ನು ಜಿಲ್ಲೆಯಾಗಿಸಬೇಕೆಂಬ ಕೂಗು 1997ರಿಂದ ಕೇಳಿಬರುತ್ತಲೇ ಇದೆ, ಅಂದು ಜೆ.ಎಚ್. ಪಟೇಲರ ಸರಕಾರ ಘೋಷಿಸಿ ಹಿಂತೆಗೆದುಕೊಂಡಿತು. ತಾಲ್ಲೂಕುಗಳು, ಜಿಲ್ಲೆಗಳು ಬರಬಹುದು, ಕಚೇರಿಗಳ ಫಲ್ಲಕಗಳು ಬದಲಾಗಬಹುದು. ಆದರೆ ಊರು ಎಂಬುದನ್ನು ಸರಕಾರದ ಆದೇಶ ಕಟ್ಟುವುದಿಲ್ಲ. ಒಬ್ಬರ ಮಾನವನ್ನು ಇನ್ನೊಬ್ಬರು ಕಾಯುವ ಜನರು ಅದನ್ನು ಕಟ್ಟುತ್ತಾರೆ. ನಮ್ಮ ಕೈಯಲ್ಲಿರುವ ಮೊಬೈಲ್ ಅಲ್ಲಾಹನು ಪ್ರಶ್ನಿಸಲಿರುವ ಅಮಾನತ್ತುಗಳಲ್ಲೊಂದು. ಬೆರಳುಗಳೂ ಸಾಕ್ಷಿ ನುಡಿಯುವ ದಿನವೊಂದಿದೆ ಎಂದು ನಂಬಿರುವ ಸಮುದಾಯ ನಮ್ಮದು. ಆ ದಿನ ಅವು ಏನು ನುಡಿಯಬೇಕೆಂಬುದನ್ನು ಪ್ರತಿಯೊಬ್ಬರೂ ಇಂದೇ ತೀರ್ಮಾನಿಸಿಕೊಳ್ಳಲಿ.